ಮೀಟರ್‌ನಲ್ಲಿ 12 ವೋಲ್ಟ್ ಇದೆ, ಆದರೂ ಆಂಪ್ ಆಫ್ ಆಗುತ್ತದೆ

ಕಾರ್ ಆಡಿಯೋ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರ ಕೈಗೆ ಮಲ್ಟಿಮೀಟರ್ ಬಂದ ಕೂಡಲೇ ಒಂದು ಧೈರ್ಯ ಬರುತ್ತದೆ. ಎರಡು ಕಡ್ಡಿ ಇಟ್ಟರೆ 12 ಚಿಲ್ಲರೆ ತೋರಿಸುತ್ತದೆ. "ಕರೆಂಟ್ ಸರಿಯಾಗಿ ಬರ್ತಿದೆ ಅಣ್ಣ, ಆಂಪೇ ಹೋಗಿದೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ನಿಜವಾಗಿ ಆಂಪ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಸುಟ್ಟಿರುವುದು ಕಡಿಮೆ. ವೈರಿಂಗ್‌ದೇ ತಕರಾರು ಜಾಸ್ತಿ. ನಾನು ಕೆಲಸ ಮಾಡುವುದು ಮಂಗಳೂರಿನಲ್ಲಿ. ಇಲ್ಲಿನ ಮಳೆ, ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಬಾಡಿ ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳಲು ವೈರನ್ನು ಗಾಡಿಯ ತಗಡಿಗೆ ಬಿಗಿದ ಜಾಗ.

ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಒಂದು ಸೆಡಾನ್ ಕಾರಿನ ಕಥೆ ಹೇಳುತ್ತೇನೆ. ಸಣ್ಣ ವಾಲ್ಯೂಮ್‌ನಲ್ಲಿ ಹಾಡು ಚೆನ್ನಾಗಿ ಬರುತ್ತಿತ್ತು. ವಾಲ್ಯೂಮ್ ಏರಿಸಿದರೆ ಬೇಸ್ ಹೊಡೆದಾಗಲೆಲ್ಲ ವೂಫರ್ (ಬೇಸ್ ಸ್ಪೀಕರ್) ಕಟ್. ಒಂದೆರಡು ಸೆಕೆಂಡ್ ಬಿಟ್ಟು ಮತ್ತೆ ಚಾಲೂ. ಬೇರೆ ಕಡೆ ತೋರಿಸಿದಾಗ ಆಂಪ್ ಬದಲಿಸಿ ಅಂದಿದ್ದರಂತೆ. ಓನರ್ ಕೂಡ ಸುಸ್ತಾಗಿದ್ದರು. "ಹೊಸದೇ ಹಾಕಿಬಿಡಿ ಮಾರಾಯ್ರೆ, ತಲೆನೋವು ಬೇಡ" ಅಂದರು. ನಮ್ಮ ಹುಡುಗ ಡಿಕ್ಕಿಯಲ್ಲಿ ಆಂಪ್ ಟರ್ಮಿನಲ್‌ಗೆ ಮೀಟರ್ ಇಟ್ಟು ನೋಡಿದ. 12.5 ವೋಲ್ಟ್.

ಅವನು ಓದಿದ್ದರಲ್ಲಿ ತಪ್ಪಿಲ್ಲ. ಆದರೆ ಆಗ ಸೆಟ್ (ಡ್ಯಾಶ್‌ಬೋರ್ಡಿನ ಸ್ಟೀರಿಯೋ) ಆಫ್ ಆಗಿತ್ತು. ನಲ್ಲಿ ಮುಚ್ಚಿದ್ದಾಗ ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ನೀರು ತುಂಬಿಕೊಂಡೇ ಇರುತ್ತದೆ. ತಿರುಗಿಸಿದ ಮೇಲೆ ತಾನೇ ಬಂಡವಾಳ ಗೊತ್ತಾಗುವುದು? ಕರೆಂಟ್ ಹರಿಯದೇ ಇದ್ದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅದಕ್ಕೇ ಲೋಡ್ ಇಟ್ಟು, ಅಂದರೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಸೆಟ್ ಆನ್ ಮಾಡಿಸಿದೆ. ಹಾಡು ಬೇಡ, 50 ಹರ್ಟ್ಸ್ ಟೋನ್ (ಏರಿಳಿತ ಇಲ್ಲದ ಬೇಸ್ ಸದ್ದು) ಹಾಕು ಅಂದೆ. ಹಾಡಿನಲ್ಲಿ ಬೇಸ್ ಬಂದು ಹೋಗುವಷ್ಟರಲ್ಲಿ ಸಾಧಾರಣ ಡಿಜಿಟಲ್ ಮೀಟರ್‌ಗೆ ಅಂಕಿ ಹಿಡಿಯಲು ಆಗುವುದಿಲ್ಲ. ಟೋನ್ ಆದರೆ ಒಂದೇ ಸಮ ಎಳೆಯುತ್ತದೆ, ಮೀಟರ್ ನಿಲ್ಲುತ್ತದೆ. ವಾಲ್ಯೂಮ್ ಏರಿಸುತ್ತಾ ಹೋದಂತೆ ಅದೇ 12.5 ಜಾರುತ್ತಾ 10ರ ಹತ್ತಿರ ಬಂತು, ಆಂಪ್ ಆಫ್. ಎಷ್ಟೋ ಆಂಪ್‌ಗಳು ಹೆಚ್ಚುಕಡಿಮೆ 10 ವೋಲ್ಟ್‌ಗೆ ಇಳಿದರೆ ತಾವಾಗಿಯೇ ಬಂದ್ ಆಗುತ್ತವೆ. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಎರಡು ವೋಲ್ಟ್ ಎಲ್ಲಿ ಹೋಯಿತು? ಇದಕ್ಕೆ ಊಹೆ ಬೇಡ. ಮೀಟರಿನ ಒಂದು ಕಡ್ಡಿಗೆ ಉದ್ದ ವೈರ್ ಕಟ್ಟಿ ಬಾನೆಟ್ ತನಕ ಎಳೆದೆವು. ಟೋನ್ ಓಡುತ್ತಿರುವಾಗಲೇ ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್‌ಗೆ ಅಳೆದರೆ 0.3 ವೋಲ್ಟ್, ಅಂದರೆ ಆ ದಾರಿಯಲ್ಲಿ ಕಳೆದುಹೋದದ್ದು ಅಷ್ಟೇ. ಪರವಾಗಿಲ್ಲ. ಬ್ಯಾಟರಿ ಮೈನಸ್‌ನಿಂದ ಆಂಪ್ ಮೈನಸ್‌ಗೆ ಅಳೆದರೆ ಎರಡಕ್ಕೆ ಹತ್ತಿರ. ಇಲ್ಲಿ 0.1, 0.2ಕ್ಕಿಂತ ಹೆಚ್ಚು ಬಂದರೆ ನನಗೆ ಸಮಾಧಾನ ಇಲ್ಲ.

ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒದ್ದೆ. ಅರ್ತ್ ವೈರಿನ ಥಿಂಬಲ್ (ತುದಿಯ ಲೋಹದ ಬಳೆ) ಅನ್ನು ಪೇಂಟ್ ಮೇಲೆಯೇ ಇಟ್ಟು, ತಗಡಿಗೆ ಒಂದು ಸ್ಕ್ರೂ ಬಿಗಿದಿದ್ದರು. ಸ್ಕ್ರೂ ಸುತ್ತ ಕಂದು ಪುಡಿ. ಅಂದರೆ ಕರೆಂಟಿಗೆ ದಾರಿ ಆ ಸ್ಕ್ರೂವಿನ ಥ್ರೆಡ್‌ಗಳಷ್ಟೇ. ಪೇಂಟ್ ಕೆರೆದು ಬಿಳಿ ಲೋಹ ಕಾಣುವ ತನಕ ಉಜ್ಜಿ, ಸ್ಟಾರ್ ವಾಷರ್ ಹಾಕಿ ನಟ್ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದೆವು. ಟೋನ್ ಹಾಕಿ ಮತ್ತೆ ಅಳೆದರೆ 0.1. ಹೊಸ ಆಂಪ್ ಖರ್ಚು ಉಳಿಯಿತು. ಸೀಟ್ ಬೆಲ್ಟ್ ಬೋಲ್ಟ್ ಗಟ್ಟಿಯಾಗಿರುತ್ತದೆ ಅಂತ ಅದಕ್ಕೆ ಅರ್ತ್ ಕೊಡುವವರೂ ಇದ್ದಾರೆ. ಅದನ್ನು ಮಾತ್ರ ಮುಟ್ಟಲೇಬಾರದು. ಅದು ಜೀವ ಉಳಿಸಲು ಇರುವ ಬೋಲ್ಟ್.

"ಬೀಪ್ ಹಾಕಿ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?" ಎಂದು ಹುಡುಗ ಕೇಳಿದ. ವೈರ್ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಸೆಟ್ಟಿಂಗ್ ಅದು. ಇಲ್ಲ. ಎಷ್ಟೋ ಮೀಟರ್‌ಗಳು 30 ಓಮ್ ತಡೆ (ರೆಸಿಸ್ಟೆನ್ಸ್) ಇದ್ದರೂ ಬೀಪ್ ಅನ್ನುತ್ತವೆ. ಇಲ್ಲಿ ಇದ್ದದ್ದು ಬರೀ 0.1 ಓಮ್ ಆಸುಪಾಸು. ಮೀಟರಿನ ವೈರ್‌ಗಳದ್ದೇ ಅದಕ್ಕಿಂತ ಜಾಸ್ತಿ ಇರಬಹುದು. ಆದರೆ 20 ಆಂಪಿಯರ್ ಹರಿದಾಗ ಅದೇ 0.1 ಓಮ್ ಎರಡು ವೋಲ್ಟ್ ನುಂಗುತ್ತದೆ. ಶಾಲೆಯಲ್ಲಿ ಓದಿದ ಓಮ್‌ನ ನಿಯಮ, ಅಷ್ಟೇ.

ಎಕ್ಸಿಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಸುಂಯ್ ಅನ್ನುವ ಸದ್ದು ಏರುತ್ತದೆ ಎಂಬ ದೂರಿಗೂ ನಾನು ಮೊದಲು ನೋಡುವುದು ಅರ್ತ್ ಅನ್ನೇ. ಸೆಟ್‌ದೊಂದು ಅರ್ತ್, ಆಂಪ್‌ದೊಂದು ಅರ್ತ್, ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಚಾರ್ಜಿಂಗ್ ಜನರೇಟರ್) ಸದ್ದು, ಸೆಟ್‌ನಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ ಹಿಡಿದು ಒಳಗೆ ಬರುತ್ತದೆ. ನಾಯ್ಸ್ ಫಿಲ್ಟರ್ ಮಾರುವುದು ಸುಲಭ. ಅದು ಕೊನೆಯ ದಾರಿ.

ಫ್ಯೂಸ್ ಪದೇ ಪದೇ ಹಾರುವ ಗಾಡಿಗೆ ಬೇರೆ ಉಪಾಯ. ಕೆಲವರು 10 ಆಂಪಿಯರ್ ಹಾರಿತು ಅಂತ 20 ಹಾಕುತ್ತಾರೆ. ಆಮೇಲೆ ಸುಡುವುದು ವೈರ್. ನಾವು ಫ್ಯೂಸ್ ತೆಗೆದು ಆ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಜೋಡಿಸುತ್ತೇವೆ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ಬಲ್ಬ್ ಅಡ್ಡ ಇರುವುದರಿಂದ ಎರಡು ಆಂಪಿಯರ್ ಕೂಡ ಹರಿಯುವುದಿಲ್ಲ, ವೈರ್ ಬಿಸಿಯಾಗುವುದಿಲ್ಲ. ಆಮೇಲೆ ಕಪ್ಲರ್‌ಗಳನ್ನು (ವೈರ್ ಜೋಡಿಸುವ ಪ್ಲಗ್‌ಗಳನ್ನು) ಒಂದೊಂದಾಗಿ ಬಿಡಿಸುತ್ತಾ, ವೈರಿಂಗ್ ಅಲ್ಲಾಡಿಸುತ್ತಾ ಹೋಗಬೇಕು. ಎಲ್ಲಿ ಮುಟ್ಟಿದಾಗ ಬಲ್ಬ್ ಆರಿತೋ ಅಲ್ಲೇ ಕಳ್ಳ. ಹೀಗೆ ಕೈಯಾಡಿಸುವಾಗ ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರ್‌ಗಳ ತಂಟೆಗೆ ಹೋಗಬಾರದು. ಟೆಸ್ಟ್ ಲ್ಯಾಂಪ್ (ಕರೆಂಟ್ ಇದೆಯೇ ನೋಡುವ ಬಲ್ಬ್) ಅಂತೂ ಅವುಗಳ ಹತ್ತಿರಕ್ಕೂ ಒಯ್ಯಬಾರದು.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಎಂದು ಬರುವವರೂ ಇದ್ದಾರೆ. ಹೊರಗಿನ ಸೆಟ್‌ಗಳಲ್ಲಿ (ಕಂಪನಿಯದ್ದಲ್ಲದೆ ಆಮೇಲೆ ಹಾಕಿಸಿದವು) ಸಾಮಾನ್ಯವಾಗಿ ಹಳದಿ ವೈರ್ ಯಾವಾಗಲೂ ಕರೆಂಟ್ ಇರುವಂಥದ್ದು, ಕೆಂಪು ಕೀ ತಿರುಗಿಸಿದಾಗ ಬರುವಂಥದ್ದು. ಎರಡನ್ನೂ ನೇರ ಬ್ಯಾಟರಿಗೆ ಸೇರಿಸಿದರೆ ಸೆಟ್ ನಿದ್ದೆಯೇ ಮಾಡುವುದಿಲ್ಲ. ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನದಲ್ಲಿ ಖಾಲಿ. ಸ್ಟಾರ್ಟ್ ಆಗುವುದು ಅದಕ್ಕೂ ಮುಂಚೆಯೇ ನಿಲ್ಲುತ್ತದೆ. ಎಲ್ಲ ಆಫ್ ಮಾಡಿ, ಗಾಡಿ ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಬ್ಯಾಟರಿ ಮೈನಸ್‌ಗೆ ಮೀಟರನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಮೀಟರ್ ಮೂಲಕವೇ ಹರಿಯುವಂತೆ ಹಾಕಿದರೆ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ ಇರಬೇಕು. ಮೀಟರ್ ಹಾಗೆ ಇರುವಾಗ ಯಾರೂ ಸೆಲ್ಫ್ ಹೊಡೆಯದಂತೆ ಕೀ ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಿ.

ಗಾಡಿ ತರುವವರು ಒಂದು ವಿಷಯ ಗಮನಿಸಿ ಬಂದರೆ ನಮ್ಮ ಅರ್ಧ ಕೆಲಸ ಉಳಿಯುತ್ತದೆ. "ಹಾಡು ಕಟ್ ಆಗುತ್ತೆ" ಅಂದರೆ ಸಾಲದು. ಬಾಗಿಲು ತೆಗೆದಾಗಲಾ, ಗುಂಡಿ ಬಿದ್ದಾಗಲಾ, ಹೆಡ್‌ಲೈಟ್ ಹಾಕಿದಾಗಲಾ, ಮಳೆ ಬಂದ ಮಾರನೇ ದಿನವಾ? ಬಾಗಿಲು ತೆಗೆದಾಗ ಅಂದರೆ ನಾನು ನೇರ ಹಿಂಜ್ ಹತ್ತಿರದ ರಬ್ಬರ್ ಕೊಳವೆ ಬಿಚ್ಚುತ್ತೇನೆ. ಒಳಗಿನ ವೈರ್ ಮಡಚಿ ಮಡಚಿ ಮುರಿದಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ಕಾಣುತ್ತಿರುತ್ತದೆ.