147ರ ಮೇಲೆ ಏನಿದೆ, ಮಾಸ್ಟ್ರೆ?

ನಾನು ನಮ್ಮ ರಾತ್ರಿ ಶಾಲೆಗೆ ಸೇರಿದ್ದು 1981ರ ಜೂನ್‌ನಲ್ಲಿ, ಎಂಟನೇ ಕ್ಲಾಸಿಗೆ. ಆಗ ನನಗೆ ಹದಿನೇಳು ವರ್ಷ. ಕುಂದಾಪುರದ ಕಡೆಯಿಂದ ಮಾವನ ಜೊತೆ ಮುಂಬಯಿಗೆ ಬಂದು ಒಂದು ವರ್ಷವಾಗಿತ್ತು. ಕ್ಲಾಸಿನಲ್ಲಿ ಹೆಚ್ಚಿನವರು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು. ನಾನೂ ಒಂದು ಕ್ಲಬ್ಬಿನ ಕ್ಯಾಂಟೀನಿನಲ್ಲಿದ್ದೆ. ಬಿಲಿಯರ್ಡ್ಸ್ ರೂಮಿಗೆ ಚಹಾ ಒಯ್ಯುತ್ತಿದ್ದ ನನ್ನನ್ನು ಅಲ್ಲಿನ ಹಿರಿಯ ಮಾರ್ಕರ್ (ಟೇಬಲ್ ನೋಡಿಕೊಂಡು ಸ್ಕೋರ್ ಇಡುವವರು) ತಮ್ಮ ಕೈಕೆಳಗೆ ಇಟ್ಟುಕೊಂಡರು.

ಅವರು ಪುಣೆಯವರು. ತಮ್ಮೂರಿನಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಬಿಲಿಯರ್ಡ್ಸ್‌ನ ವಿಶ್ವ ಅಮೆಚೂರ್ ಚಾಂಪಿಯನ್ ಆದದ್ದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಬೆಳಿಗ್ಗೆ ಹನ್ನೆರಡು ಅಡಿ ಉದ್ದದ ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಶ್ ಹೊಡೆದು ಇಸ್ತ್ರಿ ಹಾಕುವುದು ನನ್ನ ಕೆಲಸ. ಮಧ್ಯಾಹ್ನ ಮೆಂಬರುಗಳು ಅದೇ ಟೇಬಲ್ಲಿನಲ್ಲಿ ಸ್ನೂಕರ್ ಆಡುವಾಗ ಪಾಕೆಟ್ಟಿಗೆ ಬಿದ್ದ ಬಣ್ಣದ ಚೆಂಡು ತೆಗೆದು ಅದರದರ ಜಾಗದಲ್ಲಿಡಬೇಕು, ಗೋಡೆಯ ಬೋರ್ಡಿನಲ್ಲಿ ಸ್ಕೋರ್ ಸರಿಸಬೇಕು. ಸಂಜೆ ಆರಕ್ಕೆ ಶಾಲೆಗೆ ಓಟ.

ಸ್ನೂಕರ್ ನೋಡದ ತಮ್ಮ-ತಂಗಿಯರಿಗೆ ಎರಡು ಮಾತು ಹೇಳಬೇಕು. ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಪಾಕೆಟ್ಟಿಗೆ ಹಾಕುವ ಆಟ ಇದು. ಟೇಬಲ್ಲಿನ ಮೇಲೆ ಹದಿನೈದು ಕೆಂಪು ಚೆಂಡು, ಒಂದೊಂದಕ್ಕೆ 1 ಪಾಯಿಂಟ್. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಪಿಂಕ್‌ಗೆ 6, ಕಪ್ಪಿಗೆ 7. ಒಂದು ಕೆಂಪು ಹಾಕಿದರೆ ಒಂದು ಬಣ್ಣಕ್ಕೆ ಹೊಡೆಯಬಹುದು. ಆ ಬಣ್ಣ ಮತ್ತೆ ಮೇಲೆ ಬರುತ್ತದೆ, ಕೆಂಪು ಬರುವುದಿಲ್ಲ. ಕೆಂಪು ಮುಗಿದ ಮೇಲೆ ಆರು ಬಣ್ಣಗಳನ್ನು ಹಳದಿಯಿಂದ ಶುರುಮಾಡಿ ಸಾಲಾಗಿ ಹಾಕಬೇಕು. ಅದಕ್ಕೆ 27. ತಪ್ಪದೆ ಒಂದೇ ಸಮನೆ ಹಾಕುತ್ತಾ ಹೋದರೆ ಅದು ಒಂದು ಬ್ರೇಕ್.

1982ರ ಜನವರಿಯಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಸ್ಟೀವ್ ಡೇವಿಸ್ 147ರ ಬ್ರೇಕ್ ಮಾಡಿದರು. ಟಿವಿಯಲ್ಲಿ ಜನ ನೋಡಿದ ಮೊದಲ 147 ಅದು. ಕ್ಲಬ್ಬಿನಲ್ಲಿ ನಾಲ್ಕು ದಿನ ಬೇರೆ ಮಾತೇ ಇಲ್ಲ. ‘ಇದಕ್ಕಿಂತ ಜಾಸ್ತಿ ಆಗೋದೇ ಇಲ್ಲ’ ಎಂದು ಎಲ್ಲರೂ ಹೇಳಿದರು. ಯಾಕೆ ಆಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ನಾನು ಕೇಳುವ ಹಾಗೂ ಇರಲಿಲ್ಲ.

ಅದನ್ನು ನಮ್ಮ ಗಣಿತದ ಮಾಸ್ಟ್ರಿಗೆ ಕೇಳಿದೆ. ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡಿ ರಾತ್ರಿ ನಮಗೆ ಪಾಠ ಮಾಡುತ್ತಿದ್ದವರು. ಜೀವನದಲ್ಲಿ ಕ್ಯೂ ಮುಟ್ಟಿದವರಲ್ಲ. ಕ್ಲಾಸ್ ಮುಗಿದ ಮೇಲೆ ಡೊಂಬಿವಲಿ ಲೋಕಲ್ ಹಿಡಿಯಲು ವಿಕ್ಟೋರಿಯಾ ಟರ್ಮಿನಸ್ (ವಿ.ಟಿ.) ಸ್ಟೇಷನ್ನಿಗೆ ನಡೆಯುತ್ತಿದ್ದರು, ನಾನು ಜೊತೆಗೆ ಹೋಗುತ್ತಿದ್ದೆ. ಅವತ್ತು ಸ್ಟೇಷನ್ನಿನ ಬೆಂಚಿನಲ್ಲಿ ಕೂತು ನಿಯಮಗಳನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಎರಡು ಲೋಕಲ್ ಹೋಯಿತು.

“ಹದಿನೈದು ಸಲ ಕೆಂಪು, ಹದಿನೈದು ಸಲ ಕಪ್ಪು. ಎಂಟು ಹದಿನೈದಲ 120. ಮೇಲೆ 27. ಸರಿ, 147 ಬಂತು. ಹಾಗಾದ್ರೆ ಎಲ್ಲ ಚೆಂಡನ್ನೂ ಹಾಕಿ ಅತೀ ಕಡಿಮೆ ಎಷ್ಟು ಮಾಡಬಹುದು ಮಾರಾಯ?”

ಈ ಪ್ರಶ್ನೆ ಕ್ಲಬ್ಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಡಿಮೆ ಮಾಡಬೇಕೆಂದು ಯಾರು ಆಡುತ್ತಾರೆ? ಪ್ರತಿ ಕೆಂಪಿಗೂ ಹಳದಿಯನ್ನೇ ಹಾಕಿದೆ ಎಂದುಕೊಂಡು ಲೆಕ್ಕ ಮಾಡಿದೆ. 45, ಮೇಲೆ 27. ಒಟ್ಟು 72. ನಡುವಿನ ಎಲ್ಲ ಅಂಕಿಗಳೂ ಸಾಧ್ಯವೇ? ನಾನು ಒಂದೊಂದೇ ಕೂಡಿಸಲು ಹೊರಟೆ. ಮಾಸ್ಟ್ರು ತಡೆದರು.

“ಕೂಡಿಸಬೇಡ. ಮೇಲಿನಿಂದ ಖೋತಾ ಲೆಕ್ಕ ಹಾಕು. ಕಪ್ಪಿನ ಬದಲು ಪಿಂಕ್ ಹಾಕಿದ್ರೆ ಒಂದು ಖೋತಾ. ನೀಲಿ ಹಾಕಿದ್ರೆ ಎರಡು. ಹಳದಿ ಆದ್ರೆ ಐದು. ಹದಿನೈದು ಸಲ ಐದೈದು ಖೋತಾ ಆದ್ರೆ 75. ಸೊನ್ನೆಯಿಂದ 75ರ ತನಕ ಯಾವ ಖೋತಾ ಬೇಕಾದ್ರೂ ಹೊಂದಿಸಬಹುದಲ್ವಾ?”

ಹೌದು, ಹೊಂದಿಸಬಹುದು. ಕೂಡಿಸುತ್ತಾ ಹೋಗಿದ್ದರೆ ಒಂದು ವಾರ ಹಿಡಿಯುತ್ತಿತ್ತು. ಬ್ಯಾಂಕಿನವರ ತಲೆಯೇ ಬೇರೆ ಎಂದು ಅವತ್ತು ಅನಿಸಿತು.

ಮರುದಿನ ನಾನೇ ಒಂದು ತೊಡಕು ಹಿಡಿದುಕೊಂಡು ಹೋದೆ. ಒಂದೇ ಏಟಿಗೆ ಎರಡು ಕೆಂಪು ಬಿದ್ದರೆ? ನಿಯಮದ ಪ್ರಕಾರ ಎರಡೂ ಲೆಕ್ಕಕ್ಕೆ ಬರುತ್ತವೆ, 2 ಪಾಯಿಂಟ್. ಆದರೆ ಅದರ ಮೇಲೆ ಬಣ್ಣಕ್ಕೆ ಹೊಡೆಯುವ ಅವಕಾಶ ಒಂದೇ. ಅಂದರೆ ಹದಿನಾಲ್ಕೇ ಕಪ್ಪು, ಬ್ರೇಕ್ 140ಕ್ಕೆ ನಿಲ್ಲುತ್ತದೆ. ಚೆಂಡು ಜಾಸ್ತಿ ಬಿದ್ದು ಪಾಯಿಂಟ್ ಕಡಿಮೆ! ಮಾಸ್ಟ್ರಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದರೆ, ಹದಿನೈದು ಕೆಂಪೂ ಒಂದೇ ಏಟಿಗೆ ಬೀಳಿಸಿಬಿಟ್ಟರು, ಕಾಗದದ ಮೇಲೆ. ಹದಿನೈದು, ಒಂದು ಹಳದಿ, ಮತ್ತೆ 27. ಎಲ್ಲ ಚೆಂಡೂ ಖಾಲಿ, ಬ್ರೇಕ್ ಬರೀ 44. ನಮ್ಮ 72 ಬಿದ್ದುಹೋಯಿತು. ಟೇಬಲ್ಲಿನ ಮೇಲೆ ಅಂಥದ್ದು ಆಗುವುದಿಲ್ಲ, ನನಗೆ ಗೊತ್ತಿತ್ತು. ಆದರೆ ನಿಯಮ ಅದನ್ನು ಬೇಡವೆನ್ನುವುದಿಲ್ಲ. ‘ಆಗುವುದಿಲ್ಲ’ ಎನ್ನುವುದಕ್ಕೂ ‘ಆಗಬಾರದು’ ಎನ್ನುವುದಕ್ಕೂ ಇರುವ ಅಂತರವನ್ನು ನಾನು ಕಲಿತದ್ದು ವಿ.ಟಿ. ಬೆಂಚಿನಲ್ಲಿ.

ಒಂದೂ ಚೆಂಡು ಹಾಕದೆ ಗೆಲ್ಲಬಹುದೇ? ಇದು ಮಾಸ್ಟ್ರ ಪ್ರಶ್ನೆ. ಎರಡು ದಿನ ಟೇಬಲ್ ಇಸ್ತ್ರಿ ಮಾಡುವಾಗಲೂ ಅದೇ ಯೋಚನೆ. ಕೊನೆಗೆ ಸಿಕ್ಕಿತು. ಎದುರಾಳಿ ಕೆಂಪು ಹಾಕುವಾಗ ಬಿಳಿ ಚೆಂಡೂ ಒಳಗೆ ಹೋದರೆ ಫೌಲ್, ನನಗೆ 4. ಕೆಂಪು ವಾಪಸ್ ಬರುವುದಿಲ್ಲ. ಪಾಪ, ಹದಿನೈದು ಕೆಂಪಿಗೂ ಅವನಿಗೆ ಹಾಗೇ ಆಯಿತೆನ್ನಿ, ನನಗೆ 60. ಆಮೇಲೆ ಅವನೇ ಆರೂ ಬಣ್ಣ ಹಾಕಿದರೂ ಅವನಿಗೆ ಸಿಗುವುದು 27. ನಾನು ಗೆದ್ದೆ!

147ನ್ನು ದಾಟುವ ದಾರಿ ಸಿಕ್ಕಿದ್ದು ಮಾತ್ರ ಹಿರಿಯ ಮಾರ್ಕರ್ ಅವರಿಂದ. ಎದುರಾಳಿ ಫೌಲ್ ಮಾಡಿ, ಹೊಡೆಯಬೇಕಾದ ಚೆಂಡಿಗೆ ನೇರ ದಾರಿ ಇಲ್ಲದಂತೆ ಬಿಳಿ ಚೆಂಡು ನಿಂತರೆ ಫ್ರೀ ಬಾಲ್ ಸಿಗುತ್ತದೆ. ಆಗ ಯಾವುದಾದರೂ ಬಣ್ಣವನ್ನು ಕೆಂಪೆಂದು ಹೇಳಿ ಹೊಡೆಯಬಹುದು. ಅದಕ್ಕೆ ಒಂದೇ ಪಾಯಿಂಟ್, ಆದರೆ ಅದರ ಮೇಲೆ ಮತ್ತೆ ಯಾವುದಾದರೂ ಒಂದು ಬಣ್ಣ. ಹದಿನೈದೂ ಕೆಂಪು ಟೇಬಲ್ಲಿನ ಮೇಲಿರುವಾಗಲೇ ಇದು ಸಿಕ್ಕಿದರೆ? ಅವರು ಇದನ್ನು ಸುಮ್ನೆ ಮಾತಿಗೆ ಹೇಳಿದ್ದು. ನಾನು ಬೋರ್ಡಿನ ಮುಂದೆ ನಿಂತವನು ಹಾಗೇ ನಿಂತುಬಿಟ್ಟೆ. ಹದಿನಾರನೇ ಕೆಂಪು! ಅದಕ್ಕೊಂದು ಕಪ್ಪು. 147ಕ್ಕೆ ಇನ್ನೂ 8. ಒಟ್ಟು 155.

ಅವತ್ತು ಮೊದಲನೇ ಪೀರಿಯಡ್ ಶುರುವಾಗುವ ಮುಂಚೆಯೇ ಮಾಸ್ಟ್ರಿಗೆ ಹೇಳಿದೆ. ಅವರು ಏನೂ ಮಾತಾಡದೆ ಕರಿಹಲಗೆಯ ಮೂಲೆಯಲ್ಲಿ 155 ಎಂದು ಬರೆದು ಸುತ್ತ ಗೆರೆ ಎಳೆದರು. ಇಡೀ ವಾರ ಯಾರೂ ಅದನ್ನು ಒರೆಸಲಿಲ್ಲ.

ನಾನು ಹತ್ತನೇ ಕ್ಲಾಸ್ ಪಾಸಾದೆ, ಸಂಜೆ ಕಾಲೇಜಿಗೆ ಹೋದೆ, ಅಕೌಂಟ್ಸ್ ಕೆಲಸಕ್ಕೆ ಸೇರಿದೆ. ಮಾಸ್ಟ್ರು ನಿವೃತ್ತರಾಗಿ ಊರಿಗೆ ಹೋದರು. 2004ರಲ್ಲಿ ಸ್ಕಾಟ್ಲೆಂಡಿನ ಜೇಮಿ ಬರ್ನೆಟ್ ಯು.ಕೆ. ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 148 ಮಾಡಿದರು. ಪ್ರೊಫೆಷನಲ್ ಟೂರ್ನಮೆಂಟಿನಲ್ಲಿ 147 ದಾಟಿದ ಮೊದಲ ಬ್ರೇಕ್. ಓದಿದ ಕೂಡಲೇ ಊರಿಗೆ ಫೋನ್ ಮಾಡಿದೆ. ಮಾಸ್ಟ್ರಿಗೆ ಆಗ ಕಿವಿ ಸ್ವಲ್ಪ ಮಂದವಾಗಿತ್ತು. ಎರಡು ಸಲ ಕೂಗಿ ಹೇಳಬೇಕಾಯಿತು.

“ಯಾವ್ಯಾವುದು ಹಾಕಿದ, ಹೇಳು.”

“ಫ್ರೀ ಬಾಲ್‌ಗೆ ಕಂದು, ಅದರ ಮೇಲೆ ಮತ್ತೆ ಕಂದು. ಆಮೇಲೆ ಹದಿನೈದು ಕೆಂಪಿಗೆ ಹನ್ನೆರಡು ಕಪ್ಪು, ಎರಡು ಪಿಂಕ್, ಒಂದು ನೀಲಿ ಮಾಸ್ಟ್ರೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

“ಕಂದಿಗೆ ಮೂರು ಖೋತಾ. ಪಿಂಕ್‌ಗೆ ಒಂದೊಂದು. ನೀಲಿಗೆ ಎರಡು. ಒಟ್ಟು ಏಳು,” ಎಂದರು. “155ರಲ್ಲಿ ಏಳು ಹೋದ್ರೆ 148. ಸರಿ ಉಂಟು.”