ಆಫೀಸಿನ ಹೊತ್ತಿನಲ್ಲಿ ಪಾರ್ಕಿಗೆ ಬರುವ ಅಪ್ಪಂದಿರು

ಸ್ವೀಡನ್ ಅಂದರೆ ಊರಿನವರು ಚಳಿ ಬಗ್ಗೆ ಕೇಳುತ್ತಾರೆ. ಆದರೆ ಸ್ಟಾಕ್‌ಹೋಮಿಗೆ ಬಂದ ಹೊಸದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಇಲ್ಲಿನ ಗಂಡಸರು. ವಾರದ ನಡುವೆ, ಆಫೀಸಿನ ಹೊತ್ತಿನಲ್ಲಿ, ಮಗುವಿನ ಗಾಡಿ ತಳ್ಳಿಕೊಂಡು ಓಡಾಡುತ್ತಿರುತ್ತಾರೆ. ಪಾರ್ಕಿನ ಬೆಂಚಿನ ಮೇಲೆ ಕೂತು ಬಾಟಲಿ ಹಾಲು ಕುಡಿಸುವವರು, ಲೈಬ್ರರಿಯಲ್ಲಿ ಡಯಾಪರ್ ಬದಲಾಯಿಸುವವರು, ಬಸ್ಸಿನ ನಡುಬಾಗಿಲಿಂದ ಗಾಡಿ ಹತ್ತಿಸುವವರು. ಇವರು ಕೆಲಸ ಕಳೆದುಕೊಂಡವರಲ್ಲ. ಮಗು ನೋಡಿಕೊಳ್ಳಲು ರಜೆ ಹಾಕಿರುವ ಅಪ್ಪಂದಿರು.

"ಅಲ್ಲಿನ ಗಂಡಸರೇ ಹಾಗೆ ಬಿಡು, ನಮ್ಮವರಿಗೆ ಅದೆಲ್ಲ ಬರಲ್ಲ" ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿನವರೂ ಹುಟ್ಟುತ್ತಲೇ ಹೀಗಿರಲಿಲ್ಲ.

1974ರಲ್ಲಿ ಸ್ವೀಡನ್ ಹೆರಿಗೆ ರಜೆಯ ಬದಲು ಅಪ್ಪ ಅಮ್ಮ ಇಬ್ಬರಿಗೂ ಸೇರಿದ ರಜೆ ತಂದಿತು. ಜಗತ್ತಿನಲ್ಲೇ ಮೊದಲು. ಆ ವರ್ಷ ಒಟ್ಟು ರಜೆಯಲ್ಲಿ ಅಪ್ಪಂದಿರು ತೆಗೆದುಕೊಂಡಿದ್ದು ಶೇ. 0.5 ಮಾತ್ರ. ಅಂದರೆ ಹೆಚ್ಚುಕಡಿಮೆ ಯಾರೂ ತೆಗೆದುಕೊಳ್ಳಲಿಲ್ಲ. ಸರ್ಕಾರ ಪೋಸ್ಟರ್ ಅಂಟಿಸಿತು. ಲೆನ್ನಾರ್ಟ್ ಡಾಲ್‌ಗ್ರೆನ್ ಎಂಬ ದೈತ್ಯ ವೇಟ್‌ಲಿಫ್ಟರ್ ತನ್ನ ದಪ್ಪ ತೋಳಿನಲ್ಲಿ ಪುಟ್ಟ ಕೂಸನ್ನು ಎತ್ತಿಕೊಂಡು ನಗುತ್ತಿರುವ ಚಿತ್ರ. ಮಗು ಎತ್ತಿಕೊಂಡರೆ ಗಂಡಸುತನ ಎಲ್ಲೂ ಹೋಗಲ್ಲ ಅಂತ ಜನರಿಗೆ ತೋರಿಸಬೇಕಿತ್ತು. ಆದರೂ ಪೋಸ್ಟರಿನಿಂದ ಆಗಿದ್ದು ಅಷ್ಟಕ್ಕಷ್ಟೇ. ನಿಜವಾದ ಬದಲಾವಣೆ ಬಂದಿದ್ದು 1995ರ ನಂತರ. ಒಂದು ತಿಂಗಳು ಅಪ್ಪನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಆ ರಜೆ ಹೋಯಿತು ಅಂತ ನಿಯಮ ಮಾಡಿದರು. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರು. ಈಗ ಒಂದು ಮಗುವಿಗೆ 480 ದಿನ ಸಂಬಳದ ರಜೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ದಿನ ಅಮ್ಮನಿಗೇ ಮೀಸಲು. ಈಗ ಒಟ್ಟು ದಿನಗಳಲ್ಲಿ ಸುಮಾರು ಶೇ. 30ರಷ್ಟನ್ನು ಅಪ್ಪಂದಿರು ತೆಗೆದುಕೊಳ್ಳುತ್ತಾರೆ. ಅರ್ಧಕ್ಕೆ ಇನ್ನೂ ಬಂದಿಲ್ಲ.

ನಮ್ಮಲ್ಲಿ 2017ರ ತಿದ್ದುಪಡಿಯಿಂದ ತಾಯಿಗೆ 26 ವಾರ ಸಿಗುತ್ತದೆ. ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಖಾಸಗಿ ಕಂಪನಿಯಲ್ಲಿ ಅವರವರ ಇಷ್ಟ. ಹದಿನೈದು ದಿನದಲ್ಲಿ ಯಾರು ತಾನೇ ಮಗು ಸಾಕುವುದನ್ನು ಕಲಿಯುತ್ತಾರೆ ಹೇಳಿ? ಬಾಣಂತನ ಮುಗಿಯುವ ಹೊತ್ತಿಗೆ ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ, ಅಪ್ಪ ಮಾತ್ರ ಬಾಗಿಲಲ್ಲೇ ನಿಂತಿರುತ್ತಾನೆ. ಆಮೇಲೆ ನಾವೇ "ಗಂಡಸರಿಗೆ ಬರಲ್ಲ" ಅನ್ನುತ್ತೇವೆ.

ನನ್ನ ಗಂಡ ತಿಪಟೂರಿನ ಹುಡುಗ. ಮನೆಯಲ್ಲಿ ಲೋಟ ಎತ್ತಿಡದೆ ಬೆಳೆದವರು. ನಾನು ಕೆಲಸಕ್ಕೆ ವಾಪಸ್ ಹೋದ ಮೇಲೆ ಅವರು ರಜೆ ಹಾಕಿದರು. ಇಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು ಹೋಗಿ ಕೂರುವ ಜಾಗಗಳಿವೆ. ಹೆಸರು ಬರೆಸಬೇಕಿಲ್ಲ, ದುಡ್ಡಿಲ್ಲ. ಎಲ್ಲರೂ ವೃತ್ತವಾಗಿ ನೆಲದ ಮೇಲೆ ಕೂತು ಕೈ ತಿರುಗಿಸಿ ಹಾಡು ಹೇಳುತ್ತಾರೆ. ಭಾಷೆ ಸರಿಯಾಗಿ ಬಾರದ ಇವರು ಆ ಹಾಡುಗಳಿಂದಲೇ ಅರ್ಧ ಸ್ವೀಡಿಷ್ ಕಲಿತರು. ಮಗಳಿಗೆ ಜ್ವರ ಬರುವ ಮುಂಚೆ ಅವಳು ಕಿವಿ ಉಜ್ಜಿಕೊಳ್ಳುತ್ತಾಳೆ ಅಂತ ಮೊದಲು ಗಮನಿಸಿದ್ದು ಅವರು, ನಾನಲ್ಲ. ದಿನವಿಡೀ ಮಗುವಿನ ಜೊತೆ ಇದ್ದವರಿಗೆ ಇಂಥದ್ದು ತಾನಾಗಿ ಗೊತ್ತಾಗುತ್ತದೆ.

ಮಗಳಿಗೆ ನಾಲ್ಕು ವರ್ಷವಿದ್ದಾಗಿನ ಒಂದು ಸಂಗತಿ. ನನ್ನ ಬಳೆಯನ್ನು ಇವರು ಸುಮ್ನೆ ಕೈಗೆ ಹಾಕಿಕೊಂಡರು. ಮಗಳು ಜೋರಾಗಿ ಅಳಲು ಶುರುಮಾಡಿದಳು. "ತೆಗಿ ಅಪ್ಪಾ, ನೀನು ಅಮ್ಮ ಆಗೋಗ್ತೀಯ!" ಅವಳಿಗೆ ನಿಜವಾಗಿ ಭಯವಾಗಿತ್ತು. ಮಕ್ಕಳು ಎರಡು, ಎರಡೂವರೆ ವರ್ಷಕ್ಕೆ ತಾನು ಹುಡುಗ ಅಥವಾ ಹುಡುಗಿ ಅಂತ ಹೇಳತೊಡಗುತ್ತಾರೆ. ಆದರೆ ಬಟ್ಟೆ, ಕೂದಲು ಬದಲಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ ಅಂತ ಅರ್ಥವಾಗುವುದು ಐದರಿಂದ ಏಳು ವರ್ಷದ ಆಸುಪಾಸಿನಲ್ಲಿ. ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲೇ ಇದನ್ನು ಬರೆದಿದ್ದರು. ಈ ನಡುವಿನ ವಯಸ್ಸಿನಲ್ಲಿ ಮಕ್ಕಳು ದೊಡ್ಡವರಿಗಿಂತ ಜಾಸ್ತಿ ಕಟ್ಟುನಿಟ್ಟು. ಗುಲಾಬಿ ಬಣ್ಣ ಹುಡುಗಿಯರದ್ದೇ, ಲಾರಿ ಹುಡುಗರದ್ದೇ. ಆಮೇಲೆ ಸ್ವಲ್ಪ ಸಡಿಲವಾಗುತ್ತಾರೆ. ನಾವು ಸಡಿಲವಾಗಲು ಬಿಟ್ಟರೆ, ಅಷ್ಟೇ.

ಇಲ್ಲಿನ ಶಿಶುವಿಹಾರಗಳಿಗೆ 1998ರಿಂದ ಒಂದು ಪಠ್ಯಕ್ರಮವಿದೆ. ಹುಡುಗ ಹೀಗೇ, ಹುಡುಗಿ ಹೀಗೇ ಇರಬೇಕು ಅನ್ನುವ ಹಳೇ ಅಚ್ಚನ್ನು ಶಿಶುವಿಹಾರ ಮುಂದುವರಿಸಬಾರದು ಅಂತ ಅದರಲ್ಲೇ ಬರೆದಿದೆ. ಓದಲು ದೊಡ್ಡ ಮಾತು, ನೋಡಲು ಬಹಳ ಚಿಕ್ಕದು. ಮಗಳು ಹೊಸ ಫ್ರಾಕ್ ಹಾಕಿಕೊಂಡು ಹೋದ ದಿನ ಟೀಚರ್ "ಎಷ್ಟು ಚೆನ್ನಾಗಿ ಕಾಣಿಸ್ತೀಯ" ಅನ್ನಲಿಲ್ಲ. "ಇದರಲ್ಲಿ ಮರ ಹತ್ತೋಕಾಗತ್ತಾ?" ಅಂತ ಕೇಳಿದರು. ಮಗಳು ಹತ್ತಿ ತೋರಿಸಿದಳು. ಬಿದ್ದು ಅಳುವ ಹುಡುಗನಿಗೆ "ಹುಡುಗೀರ ಥರ ಅಳಬೇಡ" ಅಂತ ಯಾರೂ ಅಂದಿದ್ದನ್ನು ನಾನು ಕೇಳಿಲ್ಲ.

ಹದಿಹರೆಯದ ವಿಷಯಕ್ಕೆ ಬಂದರೆ ನಮ್ಮಲ್ಲಿ ಮೌನ ಜಾಸ್ತಿ. ಇಲ್ಲಿ 1955ರಿಂದ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ. 2022ರಿಂದ ಒಪ್ಪಿಗೆ ಅಂದರೇನು ಅನ್ನುವುದನ್ನೂ ಅದರಲ್ಲಿ ಕಲಿಸುತ್ತಾರೆ. ಹದಿಹರೆಯದವರಿಗೆಂದೇ ಬೇರೆ ಕ್ಲಿನಿಕ್‌ಗಳಿವೆ. ಮೊದಲನೆಯದು 1970ರಲ್ಲಿ ಬೋರ್ಲೆಂಗೆ ಊರಿನಲ್ಲಿ ಶುರುವಾಯಿತು. ಫೀಸ್ ಇಲ್ಲ. ಮುಟ್ಟಿನ ಬಗ್ಗೆ, ಮೈ ಬದಲಾಗುವ ಬಗ್ಗೆ, ಯಾರ ಮೇಲೋ ಮನಸ್ಸಾಗಿರುವ ಬಗ್ಗೆ ಅಲ್ಲಿನ ನರ್ಸ್ ಹತ್ತಿರ ಮಾತಾಡಬಹುದು. ನನಗೆ ಹದಿನೈದು ವರ್ಷವಾಗಿದ್ದಾಗ ಇಂಥ ಒಬ್ಬರು ಸಿಕ್ಕಿದ್ದರೆ ಎಷ್ಟೋ ಸುಳ್ಳು ಭಯಗಳು ಇರುತ್ತಿರಲಿಲ್ಲ.

ಇಲ್ಲಿನ ಕನ್ನಡದ ಗೆಳತಿಯೊಬ್ಬಳ ಮಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ, ತನಗೆ ಹುಡುಗಿಯರ ಮೇಲೆ ಮನಸ್ಸಾಗುತ್ತದೆ ಅಂತ ಹೇಳಿದಳು. ಮಾರನೇ ದಿನ ಗೆಳತಿ ನಮ್ಮನೆಗೆ ಬಂದಳು. ಕಾಫಿ ಲೋಟ ಹಿಡಿದುಕೊಂಡು ಕೂತು ಕೇಳಿದ್ದು ಒಂದೇ. "ನಾವು ಈ ದೇಶಕ್ಕೆ ಬರದೇ ಇದ್ದಿದ್ದರೆ ಹೀಗಾಗ್ತಿರಲಿಲ್ಲ ಅಲ್ವಾ?"

ಆಗುತ್ತಿತ್ತು. ದೇಶದಿಂದ ಅದು ಬರುವುದಿಲ್ಲ, ಬೆಳೆಸಿದ ರೀತಿಯಿಂದಲೂ ಬರುವುದಿಲ್ಲ. ಎಷ್ಟೋ ಜನರಿಗೆ ಅದು ಮೊದಲು ಗೊತ್ತಾಗುವುದೇ ಹದಿಹರೆಯದಲ್ಲಿ. ಊರಲ್ಲೇ ಇದ್ದಿದ್ದರೆ ಆ ಹುಡುಗಿ ಹೇಳುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ. ಇಲ್ಲೂ ದಾರಿ ಸಲೀಸಾಗಿರಲಿಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಆಗಿದ್ದು 1944ರಲ್ಲಿ. ಆದರೆ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1979ರಲ್ಲಿ. ಅದಕ್ಕಾಗಿ ಹೋರಾಟಗಾರರು ಆರೋಗ್ಯ ಇಲಾಖೆಯ ಕಚೇರಿಯ ಮೆಟ್ಟಿಲ ಮೇಲೆ ಹೋಗಿ ಕೂರಬೇಕಾಯಿತು. ಮದುವೆಯ ಹಕ್ಕು ಸಿಕ್ಕಿದ್ದು 2009ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಅಂದಿದ್ದು 2018ರಲ್ಲಿ. ಗೆಳತಿಗೆ ಇದನ್ನೆಲ್ಲ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಮಗಳು ಮೊದಲು ನಿನಗೇ ಹೇಳಿದಳಲ್ಲ, ಆ ನಂಬಿಕೆ ಉಳಿಸಿಕೋ ಅಂದೆ. ತಾಯಿ ಮಗಳು ಈಗ ಚೆನ್ನಾಗಿದ್ದಾರೆ.

ಸ್ವೀಡನ್ ಸ್ವರ್ಗ ಅಂತ ತಿಳಿದುಕೊಳ್ಳಬೇಡಿ. ಹುಟ್ಟಿನಲ್ಲಿ ದಾಖಲಾದ ಲಿಂಗವನ್ನು ಕಾನೂನಿನಲ್ಲಿ ಬದಲಾಯಿಸಿಕೊಳ್ಳಲು ಅವಕಾಶ ಕೊಟ್ಟ ಮೊದಲ ದೇಶ ಇದು, 1972ರಲ್ಲಿ. ಆದರೆ ಅದಕ್ಕೊಂದು ಕ್ರೂರ ಷರತ್ತಿತ್ತು. ಇನ್ನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿರಬೇಕು. ತನ್ನ ಗುರುತನ್ನು ಕಾಗದದ ಮೇಲೆ ಪಡೆಯಲು ಮನುಷ್ಯ ತಾಯಿಯೋ ತಂದೆಯೋ ಆಗುವ ಆಸೆಯನ್ನೇ ಬಿಡಬೇಕಿತ್ತು. ಆ ಷರತ್ತು ಹೋಗಿದ್ದು 2013ರಲ್ಲಿ. 2018ರಲ್ಲಿ ಸಂಸತ್ತು ಒಬ್ಬೊಬ್ಬರಿಗೆ 2,25,000 ಕ್ರೋನರ್ ಪರಿಹಾರ ಕೊಡಲು ಒಪ್ಪಿತು. 2025ರ ಜುಲೈನಿಂದ ಹೊಸ ಕಾನೂನು ಬಂದಿದೆ, 16 ವರ್ಷ ದಾಟಿದವರು ಅರ್ಜಿ ಹಾಕಬಹುದು. ಹದಿನೆಂಟರ ಒಳಗಿನವರಿಗೆ ಮೈಯನ್ನು ತಮ್ಮ ಗುರುತಿಗೆ ಹೊಂದಿಸುವ ಹಾರ್ಮೋನ್ ಚಿಕಿತ್ಸೆಯ ವಿಷಯದಲ್ಲಿ ಮಾತ್ರ 2022ರಿಂದ ಆರೋಗ್ಯ ಇಲಾಖೆ ಬಿಗಿಯಾಗಿದೆ. ಈ ವಾದ ಇನ್ನೂ ಮುಗಿದಿಲ್ಲ.

ಗಂಡು ಹೇಗಿರಬೇಕು, ಹೆಣ್ಣು ಹೇಗಿರಬೇಕು ಅನ್ನುವುದು ಚಿಕ್ಕಂದಿನಲ್ಲೇ ಕಲಿತು ಮುಗಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಮ್ಮ ಮಾವನನ್ನು ನೋಡಿದ ಮೇಲೆ ನನಗೆ ಆ ನಂಬಿಕೆ ಹೋಯಿತು. ಬೇಸಿಗೆಯಲ್ಲಿ ಅತ್ತೆ ಮಾವ ಬಂದಿದ್ದರು. ಮೊದಲ ವಾರ ಮಾವ ಸೋಫಾದಲ್ಲಿ ಕೂತು, ಮಗ ಪಾತ್ರೆ ತೊಳೆಯುವುದನ್ನು ಮುಖ ಗಂಟಿಕ್ಕಿಕೊಂಡು ನೋಡಿದರು. ಆಮೇಲೆ ಮೊಮ್ಮಗಳ ಜೊತೆ ಪಾರ್ಕಿಗೆ ಹೋಗತೊಡಗಿದರು. ಅಲ್ಲಿ ಬರೀ ಅಪ್ಪಂದಿರು, ಅಜ್ಜಂದಿರು. ಒಂದು ಸಂಜೆ ಬಂದವರೇ "ಆ ಜಡೆ ಹಾಕೋದು ಹೆಂಗಮ್ಮಾ, ತೋರ್ಸು" ಅಂದರು. ತೆಂಗಿನಗರಿ ಹೆಣೆದು ಪಳಗಿದ ಕೈ ಅಲ್ವಾ, ಎರಡೇ ದಿನಕ್ಕೆ ಕಲಿತರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, "ನನ್ನ ಮಗಳ ತಲೆ ಒಂದಿನಾನೂ ಮುಟ್ಲಿಲ್ಲ ಇವ್ರು" ಅಂದರು. ಕೋಪವಿತ್ತು, ಖುಷಿಯೂ ಇತ್ತು. ಆ ಕೋಪ ನ್ಯಾಯವಾದದ್ದು. ಅವರು ಒಬ್ಬರೇ ಹೊತ್ತ ವರ್ಷಗಳು ವಾಪಸ್ ಬರುವುದಿಲ್ಲ.

ಮುಪ್ಪಿನ ಇನ್ನೊಂದು ಮುಖವೂ ಇದೆ. ಹರೆಯದಲ್ಲಿ ಧೈರ್ಯವಾಗಿ ಬದುಕಿದ ಗೇ, ಲೆಸ್ಬಿಯನ್, ಟ್ರಾನ್ಸ್ ಜನ ವೃದ್ಧಾಶ್ರಮಕ್ಕೆ ಹೋದಾಗ ಮತ್ತೆ ಬಚ್ಚಿಟ್ಟುಕೊಳ್ಳಬೇಕಾಗುತ್ತದೆ. ಪಕ್ಕದ ರೂಮಿನವರು ಏನಂದುಕೊಳ್ಳುತ್ತಾರೋ, ಸ್ನಾನ ಮಾಡಿಸುವವರು ಹೇಗೆ ನೋಡುತ್ತಾರೋ ಅನ್ನುವ ಭಯ. ಇದಕ್ಕೇ 2013ರಲ್ಲಿ ಸ್ಟಾಕ್‌ಹೋಮಿನಲ್ಲಿ 55 ದಾಟಿದ ಇಂಥವರಿಗಾಗಿ ರೆಂಗ್ನ್‌ಬೋಗೆನ್ ಎಂಬ ವಸತಿ ಶುರುವಾಯಿತು. ಕಾಮನಬಿಲ್ಲು ಅಂತ ಅರ್ಥ.

ನಮ್ಮ ಟ್ರಾನ್ಸ್ ಕಲಾವಿದೆ ಜೋಗತಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ರಾಷ್ಟ್ರಪತಿಗಳ ಮುಂದೆ ಸೆರಗಿನಿಂದ ನಿವಾಳಿಸಿ ಪದ್ಮಶ್ರೀ ತೆಗೆದುಕೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷ ಕರ್ನಾಟಕ ಸರ್ಕಾರಿ ಕೆಲಸಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಆದರೆ ಕೆಲಸದ ವಯಸ್ಸು ದಾಟಿದವರು? ಮನೆಯಿಂದ ಹೊರಗೆ ಹಾಕಿಸಿಕೊಂಡು, ಭಿಕ್ಷೆ ಬೇಡಿ, ಪದ ಹಾಡಿ ಬದುಕಿದವರಿಗೆ ವಯಸ್ಸಾದಾಗ ಮಾತ್ರೆ ತಂದುಕೊಡಲು ಮಕ್ಕಳಿಲ್ಲ, ಸೊಸೆಯಿಲ್ಲ. ಅವರಿಗೆ ಮಾಸಾಶನದ ಜೊತೆ ಒಂದು ಸೂರು, ಮುಜುಗರವಿಲ್ಲದೆ ಮೈ ಮುಟ್ಟಿ ನೋಡುವ ನರ್ಸ್ ಬೇಕು. ಈ ಸಲ ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಇದಕ್ಕೆ ದುಡ್ಡು ಕೂಡಿಸುವ ಮಾತೆತ್ತಬೇಕು ಅಂತ ಆ ಗೆಳತಿ ಹೇಳಿದ್ದಾಳೆ. ಮೊದಲು ಮಾತಾಡುವುದು ಅವಳೇ ಅಂತೆ.