‘ಎಚ್‌ಟಿ’ ಇದ್ದ ಮಾತ್ರಕ್ಕೆ

ಸರಸ್ವತಿಪುರಂನ ನಮ್ಮ ಪಕ್ಕದ ಮನೆಯ ಹುಡುಗ ಹಳೆಯ ಕಂಪ್ಯೂಟರ್ ಕೊಳ್ಳುವವನಿದ್ದಾನೆ. ಲಿನಕ್ಸ್ ತೋರಿಸುವ ಪ್ರೊಸೆಸರ್ ವಿವರದಲ್ಲಿ ‘ಎಚ್‌ಟಿ’ ಎಂದಿದೆ, ಹೈಪರ್‌ಥ್ರೆಡಿಂಗ್ ಇರಲೇಬೇಕಲ್ಲವೇ ಅಂಕಲ್ ಎಂದು ಕೇಳಿದ. ಒಂದೇ ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಎರಡರಂತೆ ಕೆಲಸ ಮಾಡುವ ವ್ಯವಸ್ಥೆ ಅದು. ಇರಲೇಬೇಕೆಂದಿಲ್ಲ. ಚಿಪ್ಪನ್ನು ಸಿಪಿಯುಐಡಿ ಸೂಚನೆಯ ಮೂಲಕ ವಿಚಾರಿಸಿದಾಗ ಸಿಗುವ ಉತ್ತರದ 28ನೇ ಬಿಟ್ (0 ಅಥವಾ 1 ಆಗುವ ಅಂಕಿ) ಈ ‘ಎಚ್‌ಟಿ’. ಒಂದಕ್ಕಿಂತ ಹೆಚ್ಚು ತಾರ್ಕಿಕ ಪ್ರೊಸೆಸರ್‌ಗಳಿಗೆ (ಸಾಫ್ಟ್‌ವೇರ್‌ಗೆ ಬೇರೆಬೇರೆಯಾಗಿ ಕಾಣುವ ಪ್ರೊಸೆಸರ್‌ಗಳಿಗೆ) ಒಳಗೆ ಜಾಗವಿದೆ ಎಂದಷ್ಟೇ ಅದರ ಅರ್ಥ. ಕೋರ್‌ಗಳು ಹಲವಿದ್ದರೂ ಅದು 1 ಆಗಿರುತ್ತದೆ. 2002ರ ಪೆಂಟಿಯಂ 4ರಲ್ಲಿ ಇದ್ದದ್ದೇ ಒಂದು ಕೋರ್, ಆಗ ಹಲವು ಕೋರ್‌ಗಳಿಂದಾಗುವ ಈ ಗೊಂದಲವಿರಲಿಲ್ಲ. ಹೊಸಬರನ್ನು ಇದು ಇಂದಿಗೂ ದಾರಿ ತಪ್ಪಿಸುತ್ತಿದೆಯಲ್ಲ ಎಂಬುದೇ ನನ್ನ ಬೇಸರ.

ನೋಡಬೇಕಾದದ್ದು ‘ಸಿಬ್ಲಿಂಗ್ಸ್’ ಮತ್ತು ‘ಸಿಪಿಯು ಕೋರ್ಸ್’ ಎಂಬ ಸಾಲುಗಳನ್ನು. ಮೊದಲನೆಯದು ತಾರ್ಕಿಕ ಪ್ರೊಸೆಸರ್‌ಗಳ ಲೆಕ್ಕ, ಎರಡನೆಯದು ಕೋರ್‌ಗಳ ಲೆಕ್ಕ. ಮೊದಲನೆಯದು ಹೆಚ್ಚಿದ್ದರೆ ಹೈಪರ್‌ಥ್ರೆಡಿಂಗ್ ಕೆಲಸ ಮಾಡುತ್ತಿದೆ. ಅವನು ತೋರಿಸಿದ್ದರಲ್ಲಿ ಎರಡೂ 4, ಅಂದರೆ ಹೈಪರ್‌ಥ್ರೆಡಿಂಗ್ ಕೆಲಸ ಮಾಡುತ್ತಿಲ್ಲ. ಆದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಅದನ್ನು ನಿಲ್ಲಿಸಿಟ್ಟಿರಲೂಬಹುದು. ಹಣ ಕೊಡುವ ಮುನ್ನ ಅಲ್ಲಿಯೂ ಒಮ್ಮೆ ನೋಡು ಎಂದಿದ್ದೇನೆ.